ಚುನಾವಣೆ ಬಂದಾಗ ಚರ್ಚಿನೊಳಗೆ ಏನು ಹೇಳಬಹುದು?

ಕೇಳುಗರಿಗೆ ನಮಸ್ಕಾರ.

ಪಾದ್ರಿಗಳು ರಾಜಕೀಯ ಮಾತನಾಡಬಹುದೇ? ಚುನಾವಣೆ ಘೋಷಣೆಯಾದೊಡನೆ ಚರ್ಚುಗಳಲ್ಲಿ ಏಳುವ ಪ್ರಶ್ನೆ ಇದು. ಬಡವರ ಹಕ್ಕು, ಲಂಚ, ಕೋಮುದ್ವೇಷ ಇವೆಲ್ಲ ಬೈಬಲಿನ ಪ್ರವಾದಿಗಳೇ ಎತ್ತಿದ ವಿಷಯಗಳು. ಪ್ರಸಂಗದಲ್ಲಿ, ಅಂದರೆ ಪೂಜೆಯ ನಡುವೆ ಪಾದ್ರಿಗಳು ಕೊಡುವ ಉಪದೇಶದಲ್ಲಿ, ಅವು ಬರುವುದಕ್ಕೆ ಅಡ್ಡಿಯಿಲ್ಲ. ತೊಡಕು ಶುರುವಾಗುವುದು ಅಭ್ಯರ್ಥಿಯ ಹೆಸರು ಬಂದಾಗ.

1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ, ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಮಾತು ಅಭ್ಯರ್ಥಿಯ ಬಾಯಿಂದಲೇ ಬರಬೇಕೆಂದಿಲ್ಲ. ಅವರ ಒಪ್ಪಿಗೆಯಿಂದ ಬೇರೆಯವರು ಆಡಿದರೂ ಸಾಕು. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮವನ್ನು ಮುಂದಿಟ್ಟು ಕೇಳಿದರೂ ತಪ್ಪೇ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ ಹೇಳಿತು. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ, ಹೆಚ್ಚಿನವರ ಕಣ್ಣಿಗೆ ಬಿದ್ದಿರುವುದಿಲ್ಲ: ಹೀಗೆ ಮತ ಹಾಕದಿದ್ದರೆ ದೇವರ ಅವಕೃಪೆಗೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದು ಅನುಚಿತ ಪ್ರಭಾವ. ಇಂಥದ್ದು ಸಾಬೀತಾದರೆ ಗೆದ್ದವರ ಆಯ್ಕೆಯೇ ರದ್ದಾಗುತ್ತದೆ. ಫಲಿತಾಂಶ ಬಂದ 45 ದಿನಗಳೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬಹುದು. ಅಂದರೆ ಸಹಾಯ ಮಾಡಲು ಹೋದ ಪಾದ್ರಿಗಳೇ ತಮ್ಮ ಅಭ್ಯರ್ಥಿಗೆ ಮುಳುವಾಗಬಹುದು.

ಎಡವಟ್ಟಾಗುವುದು ಬಹುಮಟ್ಟಿಗೆ ಪ್ರಸಂಗದಲ್ಲಲ್ಲ, ಪೂಜೆ ಮುಗಿದ ಮೇಲಿನ ಪ್ರಕಟಣೆಯಲ್ಲಿ. ಅಭ್ಯರ್ಥಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಪಾಲನಾ ಮಂಡಳಿಯವರೊಬ್ಬರು ಮೈಕು ಹಿಡಿದು, ‘ಇವರು ನಮ್ಮವರೇ, ಎರಡು ಮಾತಾಡಲಿ’ ಎನ್ನುತ್ತಾರೆ. ಅಷ್ಟರಲ್ಲಿ ಯಾರದೋ ಮೊಬೈಲು ವಿಡಿಯೊ ಮಾಡುತ್ತಿರುತ್ತದೆ. ಬಂದವರು ಎಲ್ಲರಂತೆ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸಿ ಹೋಗಲಿ. ಮೈಕು ಬೇಡ, ಹಾರ ಬೇಡ. ಪ್ರಾರ್ಥನೆ ಮಾಡುವುದಿದ್ದರೆ ಎಲ್ಲ ಅಭ್ಯರ್ಥಿಗಳಿಗಾಗಿ, ಹೆಸರು ಎತ್ತದೆ. ಚರ್ಚಿನ ವಾಟ್ಸ್ಆ್ಯಪ್ ಗುಂಪಿಗೂ ಇದೇ ನಿಯಮ.

ಸಭಾಭವನದ ವಿಷಯ ಇನ್ನೂ ಬಿಗಿ. ಚರ್ಚು, ಮಸೀದಿ, ದೇವಸ್ಥಾನಗಳನ್ನು ಪ್ರಚಾರದ ವೇದಿಕೆ ಮಾಡಬಾರದೆಂದು ಮಾದರಿ ನೀತಿಸಂಹಿತೆ ಹೇಳುತ್ತದೆ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆಯಂತೂ ಚುನಾವಣೆ ಇಲ್ಲದ ದಿನಗಳಲ್ಲೂ ಜಾರಿಯಲ್ಲಿರುತ್ತದೆ. ಸಂಸ್ಥೆಯ ಕೈಕೆಳಗಿನ ಜಾಗವನ್ನಾಗಲಿ ಹಣವನ್ನಾಗಲಿ ರಾಜಕೀಯಕ್ಕೆ ಬಳಸಿದರೆ 5 ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ. ಈ ಕಾಯ್ದೆಯಲ್ಲಿ ‘ರಾಜಕೀಯ ಚಟುವಟಿಕೆ’ಯ ವ್ಯಾಖ್ಯೆ ತೀರಾ ಸಡಿಲ ಎಂಬುದು ನನ್ನ ಅಭಿಪ್ರಾಯ. ಒಂದು ಉದಾಹರಣೆ: ಪರಿಶಿಷ್ಟ ಜಾತಿಯ ಸ್ಥಾನ ಯಾವ ಧರ್ಮದವರಿಗೆ ಸಿಗುತ್ತದೆಂದು ಹೇಳುವ 1950ರ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ದಲಿತ ಕ್ರೈಸ್ತರು ಹೊರಗೇ ಉಳಿದರು. ತಮ್ಮನ್ನೂ ಸೇರಿಸಿ ಎಂಬ ಅವರ ಬೇಡಿಕೆಯ ಸಭೆಯನ್ನೂ ಯಾರಾದರೂ ರಾಜಕೀಯ ಎನ್ನಬಹುದು. ಹಾಗಾಗಿ ಮನವಿ ಎಲ್ಲ ಪಕ್ಷಗಳಿಗೂ ಒಂದೇ ಇರಲಿ, ವೇದಿಕೆಯಲ್ಲಿ ಅಭ್ಯರ್ಥಿಗಳು ಬೇಡ.

ಕೆಥೋಲಿಕ್ ಗುರುಗಳು ತಾವೇ ಚುನಾವಣೆಗೆ ನಿಲ್ಲುವಂತಿಲ್ಲ. ಸರ್ಕಾರದ ಅಧಿಕಾರಸ್ಥಾನ ಹಿಡಿಯುವುದನ್ನು ಧರ್ಮಸಭೆಯ ಕಾನೂನಿನ 285ನೇ ನಿಯಮ ತಡೆಯುತ್ತದೆ.

ಚರ್ಚು ನಿರಾತಂಕವಾಗಿ ಮಾಡಬಹುದಾದ ಕೆಲಸ ಮತದಾರರ ಪಟ್ಟಿಯದು. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೂ ವಿಳಾಸ ಬದಲಾವಣೆಗೂ ನಮೂನೆ 8. ಆಕ್ಷೇಪಣೆಗೆ 7 ದಿನ ಬಿಡಬೇಕಾದ್ದರಿಂದ ಕೊನೆಗಳಿಗೆಯ ಅರ್ಜಿ ಫಲಿಸುವುದಿಲ್ಲ. ಡಿಸೋಜ ಎಂಬ ಅಡ್ಡಹೆಸರು ಒಂದೇ ಮನೆಯಲ್ಲಿ ಮೂರು ಬಗೆಯಾಗಿ ಅಚ್ಚಾಗಿರುವುದುಂಟು. ಕಾನ್ವೆಂಟುಗಳಲ್ಲಿ ಸಿಸ್ಟರುಗಳ ವರ್ಗವಾಗಿರುತ್ತದೆ, ಹೆಸರು ಮಾತ್ರ ಹಳೆಯ ಊರಿನಲ್ಲೇ. ಸನ್ಯಾಸದ ಹೆಸರು ಒಂದು, ಆಧಾರ್‌ನದು ಇನ್ನೊಂದು. ಗಲ್ಫಿನಲ್ಲಿರುವ ಕರಾವಳಿಯವರು ನಮೂನೆ 6ಎ ತುಂಬಬೇಕು, ಮತದ ದಿನ ಮೂಲ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಬರಬೇಕು.