ಮೊದಲು ಕಥೆ ಹೇಳಿ, ಆಮೇಲೆ ಹಾಡಿ

ಕೇಳುಗರಿಗೆ ನಮಸ್ಕಾರ. ಒರೆಟೋರಿಯೋ ಅಂದರೆ ವೇಷವಿಲ್ಲದೆ, ಪರದೆಯಿಲ್ಲದೆ, ಹಾಡಿನಲ್ಲೇ ಹೇಳುವ ದೇವರ ಕಥೆ. ನಮ್ಮ ಹರಿಕಥೆಯನ್ನು ನೆನೆಸಿಕೊಳ್ಳಿ, ಸಾಕು. ಹರಿಕಥೆಗೆ ಬಂದವರಿಗೆ ಕಥೆ ಮೊದಲೇ ಗೊತ್ತಿರುತ್ತೆ, ಅಲ್ವಾ? ಮುನ್ನೂರು ವರ್ಷ ಹಳೆಯ ಒರೆಟೋರಿಯೋ ಇವತ್ತಿನವರ ಮನಸ್ಸಿಗೆ ಇಳಿಯಬೇಕಾದರೂ ಅಷ್ಟೇ. ಮೊದಲು ಕಥೆ ಹೇಳಿ, ಆಮೇಲೆ ಹಾಡಿ.

ಇಟಲಿಯ ಸಂಗೀತಕಾರ ವಿವಾಲ್ಡಿ ಲ್ಯಾಟಿನ್ ಭಾಷೆಯಲ್ಲಿ ಮಾಡಿದ ಒರೆಟೋರಿಯೋ 'ಜುದಿತಾ ಟ್ರಿಯುಂಫಾನ್ಸ್' ನೋಡಿ, ಅಂದರೆ 'ಗೆದ್ದ ಜುದಿತ್'. 1716ರಲ್ಲಿ ವೆನಿಸ್‌ನಲ್ಲಿ ಹುಟ್ಟಿದ್ದು. ಅದೇ ವರ್ಷ ತುರ್ಕರ ಸೇನೆ ವೆನಿಸ್‌ನವರ ಕೈಯಲ್ಲಿದ್ದ ಕಾರ್ಫು ದ್ವೀಪಕ್ಕೆ ಮುತ್ತಿಗೆ ಹಾಕಿ, ಗೆಲ್ಲಲಾರದೆ ವಾಪಸು ಹೋಗಿತ್ತು. ಆ ಸಂಭ್ರಮಕ್ಕೆ ಬರೆದ ಕೃತಿ ಇದು. ಜುದಿತ್ ಎಂಬ ವಿಧವೆ ಶತ್ರು ಸೇನಾಪತಿ ಹೊಲೊಫರ್ನೆಸ್‌ನ ಡೇರೆಗೆ ಹೋಗುತ್ತಾಳೆ. ಅವನು ಕುಡಿದು ಮಲಗಿದಾಗ ತಲೆ ಕಡಿದು ತನ್ನ ಊರನ್ನು ಉಳಿಸುತ್ತಾಳೆ. ಹಾಡಿದವರು ಪಿಯೆತಾ ಅನಾಥಾಲಯದ ಹೆಣ್ಣುಮಕ್ಕಳು. ಸೇನಾಪತಿಯ ಪಾತ್ರವೂ ಹೆಣ್ಣುಮಗಳದೇ!

1741ರಲ್ಲಿ ವಿವಾಲ್ಡಿ ತೀರಿಕೊಂಡ. ಅವನ ಹಸ್ತಪ್ರತಿಗಳು ಕೈಯಿಂದ ಕೈಗೆ ಹೋಗಿ ಕಣ್ಮರೆಯಾದವು. ಅವು ಸಿಕ್ಕ ಕಥೆ ನನಗೆ ಎಷ್ಟು ಸಲ ಹೇಳಿದರೂ ಸಾಲದು. 1926. ಉತ್ತರ ಇಟಲಿಯಲ್ಲಿ ಪಾದ್ರಿಗಳು ನಡೆಸುತ್ತಿದ್ದ ಒಂದು ಶಾಲೆ. ಕಟ್ಟಡ ರಿಪೇರಿಗೆ ದುಡ್ಡು ಬೇಕಿತ್ತು. ಮೂಲೆಯಲ್ಲಿದ್ದ ಹಳೆಯ ಸಂಗೀತದ ಪುಸ್ತಕಗಳನ್ನು ಮಾರೋಣ ಅಂತ, ಬೆಲೆ ಎಷ್ಟು ಬರಬಹುದೆಂದು ಟೂರಿನ್ ನಗರದ ರಾಷ್ಟ್ರೀಯ ಗ್ರಂಥಾಲಯವನ್ನು ಕೇಳಿದರು. ಗ್ರಂಥಾಲಯದವರು ಆಲ್ಬೆರ್ತೊ ಜೆಂತೀಲಿ ಎಂಬ ವಿದ್ವಾಂಸರಿಗೆ ತೋರಿಸಿದರು. ತೆರೆದು ನೋಡಿದರೆ ವಿವಾಲ್ಡಿ! ಒಂದಲ್ಲ, ಎರಡಲ್ಲ, 14 ಸಂಪುಟ.

ಕೊಳ್ಳಲು ಗ್ರಂಥಾಲಯದ ಹತ್ತಿರ ಹಣವಿಲ್ಲ. ರೊಬೆರ್ತೊ ಫೋವಾ ಎಂಬ ಸಿರಿವಂತರು ಕೊಂಡು ದಾನ ಕೊಟ್ಟರು. ಅವರ ಪುಟ್ಟ ಮಗ ಮೌರೊ ತೀರಿಕೊಂಡಿದ್ದ. ದಾನ ಅವನ ಹೆಸರಿನಲ್ಲಿ. ಆಮೇಲೆ ಗೊತ್ತಾಯಿತು, ಇದು ಅರ್ಧ ಮಾತ್ರ. ಇನ್ನರ್ಧ ಜಿನೋವಾದ ಹಳೆಯ ಮನೆತನವೊಂದರಲ್ಲಿ ಇತ್ತು. ಅದನ್ನು 1930ರಲ್ಲಿ ಫಿಲಿಪ್ಪೊ ಜೋರ್ದಾನೊ ಕೊಂಡು ಕೊಟ್ಟರು. ಅವರೂ ಮಗನನ್ನು ಕಳೆದುಕೊಂಡ ತಂದೆ. ಮಗನ ಹೆಸರು ರೆಂಜೊ. ಇಬ್ಬರು ಅಪ್ಪಂದಿರ ಸಂಕಟದಿಂದ ಈ ಸಂಗೀತ ನಮಗೆ ಉಳಿಯಿತು. ಜುದಿತಾ ಇರುವುದು ಮೌರೊನ ಸಂಗ್ರಹದಲ್ಲಿ. ವಿವಾಲ್ಡಿ ಬರೆದ ನಾಲ್ಕು ಒರೆಟೋರಿಯೋಗಳಲ್ಲಿ ಸಂಗೀತ ಉಳಿದಿರುವುದು ಇದೊಂದರದೇ.

ನನ್ನ ಸಮಯ ಮುಗಿಯುತ್ತಾ ಬಂತು. ವಾದ್ಯಗಳ ಬಗ್ಗೆ ಹೇಳಬೇಕಿತ್ತು, ಒಂದನ್ನೇ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಮಾತು. ಲ್ಯಾಟಿನ್ ಹಾಡು ಯಾರಿಗೆ ಅರ್ಥವಾಗುತ್ತೆ ಅಂತ ಕೇಳುವ ಆಯೋಜಕರಿದ್ದಾರೆ. ದಯವಿಟ್ಟು ಅರ್ಥ ಹೇಳಿ ಸ್ವಾಮಿ! ಶುರು ಮಾಡುವ ಮುಂಚೆ ಕೇಳುವವರ ಭಾಷೆಯಲ್ಲಿ ಎರಡು ಮಾತು ಸಾಕು. ಶತ್ರುವಿನ ಪಾಳೆಯದಲ್ಲಿ ಜುದಿತ್ ತನ್ನ ಸೇವಕಿ ಅಬ್ರಾಳನ್ನು ಕರೆಯುತ್ತಾಳೆ: ಬಾ, ನನ್ನ ಜೊತೆಗಿರು, ಗಂಡನಿಲ್ಲದ ನಾನು ಬೆಳವನ ಹಕ್ಕಿಯ ಹಾಗೆ ನರಳುತ್ತಿದ್ದೇನೆ. ಆಗ ಶಾಲುಮೊ ಎಂಬ ವಾದ್ಯ ನುಡಿಯುತ್ತೆ. ಕ್ಲಾರಿನೆಟ್‌ನ ಹಿರಿಯಕ್ಕ ಅದು. ದನಿ ಮೆತ್ತಗೆ, ಒಂಚೂರು ಒಡೆದ ಹಾಗೆ. ಜೋಡಿ ಕಳೆದುಕೊಂಡ ಬೆಳವ ಕೂಗಿದ ಹಾಗೇ.

ಕಥೆ ಹೇಳಿಯಾಯಿತು. ಈಗ ಆ ಹಾಡು ಬರುತ್ತೆ. ಜುದಿತ್ ಕರೆದ ಮೇಲೆ ಹಕ್ಕಿ ಓಗೊಡುವುದನ್ನು ಕೇಳಿ.