ಒಂದು ತಲೆ, ಹಲವು ತಲೆ

ಕೇಳುಗರೇ, ನಮಸ್ಕಾರ.

ವಿಡಿಯೋ ಗೇಮಿಗೆ ಒಬ್ಬರ ಹೆಸರು ಅಂಟಿಸುವುದು ನಮಗೆಲ್ಲ ಇಷ್ಟ. ಮಾರಿಯೋ ಆಟ ಎಂದರೆ ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊ, ಮುಗಿಯಿತು. ಆದರೆ 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟ ರೂಪಿಸುವಾಗ ತಕಾಶಿ ತೆಜುಕಾ ಅವರ ಜೊತೆಗಿದ್ದರು. ಇವತ್ತಿಗೂ ಜನ ಗುನುಗುವ ಆ ಸಂಗೀತ ಕೋಜಿ ಕೊಂಡೊ ಅವರದು. ಆ ಹೆಸರುಗಳು ಎಷ್ಟು ಜನಕ್ಕೆ ಗೊತ್ತು?

ಹಾಗಂತ ಒಬ್ಬರೇ ಕೂತು ಮಾಡಿದ ಆಟಗಳು ಇಲ್ಲವೇ? ಇವೆ. 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟ ಎರಿಕ್ ಬರೋನ್ ಒಬ್ಬರ ಕೆಲಸ. ಕೋಡ್, ಚಿತ್ರ, ಸಂಗೀತ, ಪಾತ್ರಗಳ ಮಾತು, ಎಲ್ಲವೂ ಅವರದೇ. ನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿಯಿತು. ಬರೆದ ಚಿತ್ರಗಳನ್ನೇ ಮತ್ತೆ ಮತ್ತೆ ಬರೆದರು. ಒಬ್ಬರೇ ಇದ್ದರೆ ಅದೊಂದು ಸುಖ, ಅಳಿಸಿ ಹಾಕಲು ಯಾರ ಒಪ್ಪಿಗೆಯೂ ಬೇಡ. ಕಷ್ಟವೂ ಅಲ್ಲೇ ಇದೆ. ‘ಸಾಕು ಬಿಡಪ್ಪಾ, ಚೆನ್ನಾಗಿದೆ’ ಎನ್ನುವವರೂ ಪಕ್ಕದಲ್ಲಿ ಇರುವುದಿಲ್ಲ.

ನನಗೆ ಇನ್ನೂ ಹಿಡಿಸಿದ್ದು ವಾಲ್ವ್ ಕಂಪನಿಯ ಹಾಫ್ ಲೈಫ್ ಎಂಬ ಆಟ ಹುಟ್ಟಿದ ಕಥೆ. ಅದು 1997ರ ಕೊನೆಗೇ ಬರಬೇಕಿತ್ತು. ಬಿಡಿಬಿಡಿಯಾಗಿ ನೋಡಿದರೆ ಅಲ್ಲಲ್ಲಿ ಚೆನ್ನಾಗಿತ್ತು, ಒಟ್ಟಾಗಿ ಆಡಿದರೆ ಮಜಾ ಇರಲಿಲ್ಲ. ಮಾಡಿದ್ದರಲ್ಲಿ ಬಹುಪಾಲು ಬದಿಗಿಟ್ಟು ಹೊಸದಾಗಿ ಶುರು ಮಾಡಿದರು. ಎಲ್ಲವನ್ನೂ ತಲೆಯಲ್ಲಿ ಹೊತ್ತು ನಡೆಸುವ ಒಬ್ಬ ಜಾಣ ಡಿಸೈನರ್‌ಗಾಗಿ ಹುಡುಕಿದರು. ಸಿಗಲಿಲ್ಲ! ಕೊನೆಗೆ ಬೇರೆ ಬೇರೆ ವಿಭಾಗದವರನ್ನು ಸೇರಿಸಿ ಒಂದು ಸಣ್ಣ ಗುಂಪು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಕಬಾಲ್, ಅಂದರೆ ಒಳಸಂಚಿನ ಕೂಟ. ದಿನಕ್ಕೆ ಆರು ಗಂಟೆ, ವಾರಕ್ಕೆ ನಾಲ್ಕು ದಿನ, ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಚರ್ಚೆ. ಕೇಳಿದರೇ ಸುಸ್ತಾಗುತ್ತದೆ, ಅಲ್ವಾ?

ಹಲವರು ಕೂತರೆ ಎಲ್ಲರ ಮನಸ್ಸನ್ನೂ ಉಳಿಸಲು ಹೋಗಿ ಆಟ ಸಪ್ಪೆಯಾಗುವುದೂ ಉಂಟು. ಇಲ್ಲಿ ಹಾಗಾಗದ್ದಕ್ಕೆ ಒಂದು ಕಾರಣ, ಜಗಳ ತೀರಿಸುವ ಕೆಲಸ ಹೊರಗಿನವರ ಕೈಗೆ ಹೋಗಿದ್ದು. ಆಟ ಗೊತ್ತೇ ಇಲ್ಲದ ಒಬ್ಬರನ್ನು ಕರೆದು ಆಡಲು ಬಿಡುತ್ತಿದ್ದರು. ಮಾಡಿದವರು ಸುಮ್ನೆ ಕೂತು ನೋಡಬೇಕು. ಸುಳಿವು ಕೊಡುವ ಹಾಗಿಲ್ಲ. ಎದುರಿಗೇ ಇರುವ ದಾರಿ ಕಾಣದೆ ಆತ ಗೋಡೆ ಗೋಡೆಗೂ ಡಿಕ್ಕಿ ಹೊಡೆಯುತ್ತಿದ್ದರೂ, ‘ಅಯ್ಯೋ, ಅಲ್ಲೇ ಇದೆ ನೋಡು’ ಎಂಬ ಮಾತನ್ನು ನುಂಗಿಕೊಂಡು, ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ನಮಸ್ಕಾರ.