ಮಗನ ಕೆನಡಾ ಮನೆಗೆ ಅಪ್ಪನ ಅಡಿಕೆ ದುಡ್ಡು

ಕೇಳುಗರೆಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಯಾವ ಕಡೆ ಹೋದರೂ ಈಗ ಈ ಸುದ್ದಿ ಕಿವಿಗೆ ಬೀಳುತ್ತದೆ. ಮಗ ಕೆನಡಾದಲ್ಲಿ ಮನೆ ತಗೊಳ್ತಾನಂತೆ, ಸ್ವಲ್ಪ ದುಡ್ಡು ಕಳಿಸಬೇಕಂತೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವನು ನಾನು. ಕೆನಡಾದಲ್ಲಿ ಸಾಲ ತೆಗೆಯುವ ಮಕ್ಕಳಿಗೆ ಬುದ್ಧಿ ಹೇಳುವವರು ತುಂಬಾ ಜನ ಇದ್ದಾರೆ. ಇಲ್ಲಿಂದ ದುಡ್ಡು ಕಳಿಸುವ ಅಪ್ಪ ಅಮ್ಮನಿಗೆ ಹೇಳುವವರೇ ಇಲ್ಲ. ನಿಮಗೆ ನಾನು ಹೇಳುವುದು ಒಂದೇ. ಕಳಿಸುವ ಪ್ರತಿ ರೂಪಾಯಿ ನಿಮ್ಮ ಹೆಸರಿನ ಖಾತೆಯಿಂದಲೇ ಹೋಗಬೇಕು, ಬ್ಯಾಂಕಿನ ಮೂಲಕವೇ ಹೋಗಬೇಕು. ಅದು ಎಲ್ಲಿಂದ ಬಂತು ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ನಿಮ್ಮ ಮಗ ಇಲ್ಲಿ ಬೈಕ್ ಸಾಲ, ಓದಿನ ಸಾಲ ಎಲ್ಲ ಸರಿಯಾಗಿ ತೀರಿಸಿರಬಹುದು. ಸಾಲ ತೀರಿಸಿದ್ದು ನೋಡಿ ಕೊಡುವ ಸಿಬಿಲ್ ಅಂಕ 800 ಇರಬಹುದು. ಅಲ್ಲಿ ಅದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ ಸಂಸ್ಥೆಗಳು ಅಂಕ ಕೊಡುತ್ತವೆ. ಅಲ್ಲೂ ಅಂಕ 300ರಿಂದ 900ರವರೆಗೇ, ಆದರೆ ಎಲ್ಲ ಹೊಸದಾಗಿ ಶುರು ಮಾಡಬೇಕು. ಹಳೆಯ ದಾಖಲೆ ಇಲ್ಲದವನಿಗೆ ಸಾಲ ಕೊಡುವಾಗ ಬ್ಯಾಂಕಿನವರು ಏನು ನೋಡುತ್ತಾರೆ? ಕೆಲಸ, ಸಂಬಳ, ಮತ್ತೆ ಅವನು ಕೈಯಿಂದ ಹಾಕುವ ಮುಂಗಡ. 6 ಲಕ್ಷ ಕೆನಡಾ ಡಾಲರಿನ ಮನೆ ಅಂತಿಟ್ಟುಕೊಳ್ಳಿ. ಮೊದಲ 5 ಲಕ್ಷಕ್ಕೆ ಶೇಕಡಾ 5, ಉಳಿದ 1 ಲಕ್ಷಕ್ಕೆ ಶೇಕಡಾ 10. ಒಟ್ಟು 35,000 ಡಾಲರ್, ಅದೂ ಕನಿಷ್ಠ. ನಮ್ಮ ದುಡ್ಡಿನಲ್ಲಿ 20 ಲಕ್ಷ ದಾಟುತ್ತದೆ. ಈ ಹಣ ಎಲ್ಲಿತ್ತು ಅಂತ ಹಿಂದಿನ 90 ದಿನಗಳ ಖಾತೆ ವಿವರ ಕೇಳುತ್ತಾರೆ. ಆ 90 ದಿನಗಳೊಳಗೆ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ, ಯಾರು ಹಾಕಿದ್ದು, ಯಾಕೆ ಹಾಕಿದ್ದು, ಎಲ್ಲದಕ್ಕೂ ಉತ್ತರ ಬೇಕು.

ತೀರ್ಥಹಳ್ಳಿ ಕಡೆಯ ಒಬ್ಬ ತೋಟದವರ ಕಥೆ ಹೇಳುತ್ತೇನೆ. ಮಗ ಟೊರಾಂಟೊ ಹತ್ತಿರ. ಪಿ.ಆರ್., ಅಂದರೆ ಅಲ್ಲೇ ಕಾಯಂ ಇರುವ ಅನುಮತಿ ಸಿಕ್ಕಿತ್ತು, ಕೆಲಸವೂ ಚೆನ್ನಾಗಿತ್ತು. ಮನೆ ನೋಡಿ, ಮಾತಾಡಿ, ಸಹಿಯನ್ನೂ ಹಾಕಿ ಆಮೇಲೆ ಅಪ್ಪನಿಗೆ ಫೋನ್ ಮಾಡಿದ. ಅಪ್ಪ ಪಾಪ, ಸುಮ್ನೆ ಕೂರುವವರಲ್ಲ. ಆ ವರ್ಷದ ಅಡಿಕೆ ಮಂಡಿಗೆ ಹಾಕಿದ್ದರು. ಆದರೆ ಪಹಣಿ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲೇ ಇತ್ತು. ಮಂಡಿಯ ವ್ಯವಹಾರ ಅಣ್ಣನ ಹೆಸರಿನಲ್ಲಿ. ನಮ್ಮ ಕಡೆ ಎಷ್ಟು ಮನೆಯಲ್ಲಿ ಹೀಗಿಲ್ಲ ಹೇಳಿ? ದುಡ್ಡು ಅಣ್ಣನ ಖಾತೆಗೆ ಬಂತು. ಅಣ್ಣ ಒಳ್ಳೆಯವರು, ತಮ್ಮನ ಪಾಲಿನ ದುಡ್ಡನ್ನು ತಮ್ಮದೇ ಖಾತೆಯಿಂದ ನೇರ ಕೆನಡಾಕ್ಕೆ ಕಳಿಸಿದರು. ಸಾಲದೆ ಬಂದಿದ್ದಕ್ಕೆ ಇನ್ನೊಂದು ದಾರಿ ಹುಡುಕಿದರು. ಟೊರಾಂಟೊದಲ್ಲಿದ್ದ ಪರಿಚಯದ ಹುಡುಗನ ಮನೆಯವರಿಗೆ ಇಲ್ಲಿ ರೂಪಾಯಿ ಕೊಟ್ಟರು, ಆ ಹುಡುಗ ಅಲ್ಲಿ ಮಗನ ಖಾತೆಗೆ ಡಾಲರ್ ಹಾಕಿದ.

ಅಲ್ಲಿಯ ಬ್ಯಾಂಕು ಕೇಳಿತು, ಈ ಮೊದಲನೆಯವರು ಯಾರು? ದೊಡ್ಡಪ್ಪ. ದೊಡ್ಡಪ್ಪ ಕೊಟ್ಟ ಉಡುಗೊರೆ ನಾವು ಒಪ್ಪುವುದಿಲ್ಲ, ಅಪ್ಪ ಅಮ್ಮ ಕೊಟ್ಟರೆ ಸರಿ, ಅಂದಿತು ಬ್ಯಾಂಕು. ಈ ಎರಡನೆಯವನು ಯಾರು? ಅದಕ್ಕೆ ಉತ್ತರವೇ ಇಲ್ಲ. ಇಲ್ಲಿ ರೂಪಾಯಿ, ಅಲ್ಲಿ ಡಾಲರ್ ಅನ್ನುವ ವ್ಯವಹಾರ ನಮ್ಮ ವಿದೇಶಿ ವಿನಿಮಯದ ಫೆಮಾ ಕಾನೂನಿಗೇ ವಿರುದ್ಧ. ದಯವಿಟ್ಟು ಯಾರೂ ಮಾಡಬೇಡಿ. ಆ ಅಪ್ಪ ಚೀಲದ ತುಂಬ ಮಂಡಿ ಬಿಲ್ಲು, ಪಾಸ್‌ಬುಕ್ಕು ತುಂಬಿಕೊಂಡು ನನ್ನ ಹತ್ತಿರ ಬಂದರು. ಎಲ್ಲ ನಿಜವಾದ ದುಡಿಮೆ. ಕೊಳೆರೋಗಕ್ಕೆ ಔಷಧಿ ಹೊಡೆದು ಉಳಿಸಿಕೊಂಡ ಫಸಲಿನ ದುಡ್ಡು. ಆದರೆ ಒಂದು ಕಾಗದದ ಮೇಲೂ ಅವರ ಹೆಸರಿಲ್ಲ! ದಿನ ಮೀರಿತು, ಮಾರುವವರು ಬೇರೆಯವರಿಗೆ ಕೊಟ್ಟುಬಿಟ್ಟರು. ಮುಂದಿನ ಸಲ ಅಣ್ಣ ಮೊದಲು ತಮ್ಮನ ಖಾತೆಗೆ ಹಾಕಿದರು, ತಮ್ಮ ಅಲ್ಲಿಂದ ಮಗನಿಗೆ ಕಳಿಸಿದರು. ಅದೇ ತೋಟ, ಅದೇ ಅಡಿಕೆ. ಸಾಲ ಆಯಿತು.

ನೋಡಿ, ಕಥೆ ಹೇಳುತ್ತಾ ಸಮಯ ಜಾಸ್ತಿ ಆಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಅಮೆರಿಕನ್ ಡಾಲರ್ ತನಕ ಹೊರದೇಶಕ್ಕೆ ಕಳಿಸಬಹುದು. ಪ್ಯಾನ್ ಬೇಕೇ ಬೇಕು. ಆ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೇಲೆ, ದಾಟಿದ ಭಾಗಕ್ಕೆ ಶೇಕಡಾ 20 ಟಿ.ಸಿ.ಎಸ್., ಅಂದರೆ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ ಹಿಡಿಯುತ್ತಾರೆ. 25 ಲಕ್ಷ ಒಟ್ಟಿಗೆ ಕಳಿಸಿದರೆ 3 ಲಕ್ಷ ಹೆಚ್ಚುವರಿ ಕಟ್ಟಬೇಕು. ಗಾಬರಿ ಬೇಡ, ಅದು ಮುಂಗಡ ತೆರಿಗೆ ಇದ್ದ ಹಾಗೆ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ರಿಟರ್ನ್ ಯಾಕೆ ಅಂತ ನಮ್ಮವರು ಸುಮ್ಮನಿರುತ್ತಾರೆ. ರಿಟರ್ನ್ ಹಾಕದಿದ್ದರೆ ಆ 3 ಲಕ್ಷ ಹೋದ ಹಾಗೇ. ಇನ್ನೊಂದು ಉಪಾಯ, ಮಾರ್ಚ್ ಒಳಗೆ 10 ಲಕ್ಷ, ಏಪ್ರಿಲ್ ಮೇಲೆ 10 ಲಕ್ಷ ಕಳಿಸಿ. ಅಮ್ಮನ ಖಾತೆಯಲ್ಲಿ ಅವರದೇ ದುಡ್ಡಿದ್ದರೆ ಅವರ ಹೆಸರಿನಲ್ಲೂ ಕಳಿಸಬಹುದು. ಆಗಲೂ ಅವರ ಖಾತೆ, ಅವರ ಕಾಗದ.

ಅಲ್ಲಿಯ ಬ್ಯಾಂಕು ಉಡುಗೊರೆ ಪತ್ರ ಕೇಳುತ್ತದೆ. ಮಗನಿಗೆ ಕೊಟ್ಟಿದ್ದಕ್ಕೂ ಪತ್ರ ಬರೆಯಬೇಕಾ ಅಂತ ಸಿಟ್ಟಾಗಬೇಡಿ. ಇದು ಸಾಲ ಅಲ್ಲ, ವಾಪಸ್ ಕೊಡಬೇಕಾಗಿಲ್ಲ ಅಂತ ಬರೆದು ಸಹಿ ಹಾಕಬೇಕು, ಅಷ್ಟೇ. ಸಾಲ ಅಂದರೆ ಅದನ್ನೂ ಅವನ ತಲೆಯ ಮೇಲಿನ ಕಂತು ಅಂತ ಲೆಕ್ಕ ಹಾಕಿ, ಮನೆ ಸಾಲ ಕಡಿಮೆ ಮಾಡುತ್ತಾರೆ.

ಇನ್ನು ಮಗನಿಗೆ ಹೇಳಬೇಕಾದದ್ದು. ಹೋದ ಕೂಡಲೇ ಒಂದು ಕ್ರೆಡಿಟ್ ಕಾರ್ಡ್ ಮಾಡಿಸಿ, ಸ್ವಲ್ಪವೇ ಬಳಸಿ, ತಿಂಗಳು ತಿಂಗಳು ಪೂರ್ತಿ ತೀರಿಸಲಿ. ಅಂಕ ಬೆಳೆಯುವುದು ಹಾಗೆ. ಅವನು ಸಹಿ ಹಾಕುವ ಮೊದಲು ನಿಮಗೆ ಫೋನ್ ಮಾಡಲಿ. ನೀವು ಈ ವಾರವೇ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನ ಜಮೀನು ನಿಮ್ಮ ಹೆಸರಿಗೆ ಆಗುವುದಕ್ಕೆ ಅರ್ಜಿ ಕೊಡಿ. ಮಂಡಿಯಲ್ಲಿ ನಿಮ್ಮ ಹೆಸರಿಗೆ ಬಿಲ್ಲು ಕೇಳಿ. ಕೊಯ್ಲಿಗೆ ಮೊದಲೇ ಇದೆಲ್ಲ ಆಗಲಿ.

ನಮಸ್ಕಾರ.